ಹೊಟ್ಟೆಗೆ ಸೂಜಿ ಯಾಕೆ? ಆಸ್ಪತ್ರೆಯಲ್ಲಿ ಮಲಗಿದವರಿಗೆ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವ ಮಾರ್ಗದರ್ಶಿ

“ಕೆಮ್ಮು ಜ್ವರ ಅಂತ ಅಡ್ಮಿಟ್ ಮಾಡೇವಿ, ಹೊಟ್ಟಿಗೆ ಸೂಜಿ ಯಾಕ ಮಾಡಾಕತ್ತೀರಿ ಸಾಹೇಬ್ರ?”

ಬಾಗಲಕೋಟೆಯ ಮೆಡಿಸಿನ್ ವಾರ್ಡಿನಲ್ಲಿ ಕೆಲಸ ಮಾಡುವ ನನಗೆ ಈ ಪ್ರಶ್ನೆ ಬಾರದ ವಾರವಿಲ್ಲ. ಓದುಗರೂ ಇದನ್ನೇ ಕೇಳಿ ಬರೆಯುತ್ತಾರೆ. ಹಿರಿಯರಿಗಂತೂ ಹೊಟ್ಟೆಗೆ ಸೂಜಿ ಅಂದ ಕೂಡಲೇ ನಾಯಿ ಕಚ್ಚಿದವರಿಗೆ ಹಾಕುತ್ತಿದ್ದ 14 ಇಂಜೆಕ್ಷನ್ ನೆನಪಾಗುತ್ತದೆ. ಆ ಹಳೆಯ ಲಸಿಕೆ ನಮ್ಮ ದೇಶದಲ್ಲಿ 2004ರ ಹೊತ್ತಿಗೇ ನಿಂತುಹೋಯಿತು. ಈಗ ವಾರ್ಡಿನಲ್ಲಿ ಹೊಟ್ಟೆಯ ಚರ್ಮದಡಿ ಕೊಡುವುದು ಬೇರೆ ಔಷಧಿ. ಸೂಜಿಯೂ ತೀರಾ ಸಣ್ಣದು.

ಯಾಕೆ ಕೊಡುತ್ತೇವೆ ಅಂತ ಮೊದಲು ಹೇಳುತ್ತೇನೆ. ನಾವು ನಡೆಯುವಾಗ ಮೀನಖಂಡದ ಸ್ನಾಯು ಕೈಪಂಪಿನ ಹಾಗೆ ಕೆಲಸ ಮಾಡುತ್ತದೆ. ಕಾಲಿನ ರಕ್ತವನ್ನು ಮೇಲಕ್ಕೆ ಒತ್ತುತ್ತದೆ. ಮಲಗಿಬಿಟ್ಟರೆ ಪಂಪು ನಿಂತಿತು, ರಕ್ತ ನಿಧಾನವಾಯಿತು. ಅದರ ಜೊತೆಗೆ ನ್ಯುಮೋನಿಯಾದಂಥ ಸೋಂಕು ಬಂದರೆ ರಕ್ತ ಹೆಪ್ಪುಗಟ್ಟುವ ಗುಣವೂ ಜಾಸ್ತಿಯಾಗುತ್ತದೆ. ಹೀಗೆ ಕಾಲಿನ ಆಳದ ರಕ್ತನಾಳದಲ್ಲಿ ಗಡ್ಡೆ ಕಟ್ಟುವುದಕ್ಕೆ ವೈದ್ಯರು ಡಿವಿಟಿ ಅನ್ನುತ್ತಾರೆ. ಆ ಗಡ್ಡೆಯ ತುಣುಕು ಕಿತ್ತು ಹೃದಯದ ಮೂಲಕ ಹೋಗಿ ಶ್ವಾಸಕೋಶದ ರಕ್ತನಾಳಕ್ಕೆ ಅಡ್ಡ ಬಿದ್ದರೆ ಅದಕ್ಕೆ ಪಲ್ಮನರಿ ಎಂಬಾಲಿಸಂ ಅಂತ ಹೆಸರು. ದೊಡ್ಡ ತುಣುಕಾದರೆ ನಿಮಿಷಗಳಲ್ಲಿ ಜೀವ ಹೋಗಬಹುದು. ಇದನ್ನು ತಡೆಯಲೆಂದೇ ಆ ಸೂಜಿ.

ಈ ಲೇಖನ ಆಪರೇಷನ್ ಇಲ್ಲದೆ, ಕಾಯಿಲೆಗೆಂದು ದಾಖಲಾದವರ ಕುರಿತು. ನ್ಯುಮೋನಿಯಾ, ಹೃದಯ ವೈಫಲ್ಯ, ಪಾರ್ಶ್ವವಾಯು, ತೀವ್ರ ಸೋಂಕು, ಇಂಥವು. ಮೂಳೆ ಆಪರೇಷನ್, ಹೆರಿಗೆ ಇವಕ್ಕೆ ಲೆಕ್ಕ ಬೇರೆ ಇದೆ, ಇಲ್ಲಿ ಬೆರೆಸುವುದಿಲ್ಲ. ಇನ್ನೊಂದು ಮಾತು: ಔಷಧಿ ನಿರ್ಧಾರ ನಿಮ್ಮ ವೈದ್ಯರದು. ಆದರೆ ಆ ನಿರ್ಧಾರಕ್ಕೆ ಬೇಕಾದ ಅರ್ಧ ಮಾಹಿತಿ, ಮುಕ್ಕಾಲು ಓಡಾಟ ಮನೆಯವರ ಕೈಯಲ್ಲಿದೆ.

ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಿ

ಹಳೆಯ ಫೈಲು. ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳು (ಚೀಲ ಸಮೇತ ತನ್ನಿ, “ಬಿಳಿ ಮಾತ್ರೆ, ಸಣ್ಣದು” ಅಂದರೆ ನಮಗೆ ಏನೂ ತಿಳಿಯದು). ರೋಗಿಯ ತೂಕ. ಇತ್ತೀಚಿನ ರಕ್ತ ಪರೀಕ್ಷೆಯಲ್ಲಿ ಎರಡು ಅಂಕಿ: ಕ್ರಿಯಾಟಿನಿನ್ ಮತ್ತು ಪ್ಲೇಟ್‌ಲೆಟ್. ಕ್ರಿಯಾಟಿನಿನ್ ಕಿಡ್ನಿ ಹೇಗಿದೆ ಎಂದು ಹೇಳುತ್ತದೆ. ಪ್ಲೇಟ್‌ಲೆಟ್ ಅಂದರೆ ರಕ್ತ ನಿಲ್ಲಿಸುವ ಕಣಗಳು.

ಹಂತ 1: ದಾಖಲಾದ ದಿನವೇ ಇಷ್ಟು ಹೇಳಿಬಿಡಿ

ಹಿಂದೆ ಯಾವಾಗಲಾದರೂ ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ಗಡ್ಡೆ ಕಟ್ಟಿತ್ತೇ? ಮನೆಯಲ್ಲಿ ಒಡಹುಟ್ಟಿದವರಿಗೆ, ತಂದೆತಾಯಿಗೆ ಆಗಿತ್ತೇ? ಕ್ಯಾನ್ಸರ್ ಚಿಕಿತ್ಸೆ ನಡೆದಿದೆಯೇ? ಕಳೆದ ಒಂದು ತಿಂಗಳಲ್ಲಿ ಪೆಟ್ಟು, ಆಪರೇಷನ್? ಹೆಣ್ಣುಮಕ್ಕಳಾದರೆ ಗರ್ಭನಿರೋಧಕ ಅಥವಾ ಮುಟ್ಟು ಮುಂದೂಡುವ ಹಾರ್ಮೋನ್ ಮಾತ್ರೆ? ಈ ಕೊನೆಯದನ್ನು ಅತ್ತೆ, ಮಾವನ ಮುಂದೆ ಯಾರೂ ಬಾಯಿ ಬಿಡುವುದಿಲ್ಲ. ಜಾತ್ರೆ, ಮದುವೆ ಅಂತ ಮೆಡಿಕಲ್ ಶಾಪಿನಿಂದ ತಂದು ನುಂಗಿರುತ್ತಾರೆ. ಸಿಸ್ಟರ್ ಹತ್ತಿರ ಒಬ್ಬರೇ ಇದ್ದಾಗ ಹೇಳಿದರೂ ಸಾಕು.

ರಕ್ತ ಹೋಗುವ ತೊಂದರೆಯನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಿ. ಹೊಟ್ಟೆಯಲ್ಲಿ ಹುಣ್ಣು, ಡಾಂಬರಿನ ಬಣ್ಣದ ಮಲ, ಮೂಗು ಒಸಡಿನಿಂದ ರಕ್ತ, ಹಿಂದೆ ಮಿದುಳಿನ ರಕ್ತಸ್ರಾವ. ರಕ್ತ ತೆಳುವಾಗಿಸುವ ಮಾತ್ರೆ ಈಗಾಗಲೇ ನಡೆದಿದೆಯೇ ಎಂಬುದನ್ನಂತೂ ಮರೆಯಲೇಬೇಡಿ. ವಾರ್ಫರಿನ್, ಅಸೆನೊಕೌಮರಾಲ್, ರಿವರಾಕ್ಸಬಾನ್, ಅಪಿಕ್ಸಬಾನ್ ಇವು ಸಾಮಾನ್ಯವಾಗಿ ಸಿಗುವ ಹೆಸರುಗಳು. ಅದರ ಮೇಲೆ ಸೂಜಿಯೂ ಬಿದ್ದರೆ ರಕ್ತ ತೆಳುವಾಗಿಸುವ ಔಷಧಿ ಡಬಲ್ ಆಗುತ್ತದೆ.

ಹಂತ 2: ಅಪಾಯ ಎಷ್ಟಿದೆ, ಲೆಕ್ಕ ಹಾಕಿ

ಎಲ್ಲರಿಗೂ ಸೂಜಿ ಬೇಕಿಲ್ಲ. ಯಾರಿಗೆ ಬೇಕು ಎಂದು ಅಳೆಯಲು ಇಟಲಿಯ ಪಾಡುವಾ ಊರಿನ ವೈದ್ಯರು 2010ರಲ್ಲಿ ಪ್ರಕಟಿಸಿದ ಅಂಕಪಟ್ಟಿಯನ್ನು ನಾವೂ ಬಳಸುತ್ತೇವೆ.

3 ಅಂಕದವು: ಈಗ ಇರುವ ಕ್ಯಾನ್ಸರ್, ಹಿಂದೆ ಗಡ್ಡೆ ಕಟ್ಟಿದ್ದು, ಹುಟ್ಟಿನಿಂದಲೋ ಬೇರೆ ಕಾರಣಕ್ಕೋ ರಕ್ತ ಬೇಗ ಹೆಪ್ಪುಗಟ್ಟುವ ದೋಷ, ಮತ್ತು ಕನಿಷ್ಠ 3 ದಿನ ಹಾಸಿಗೆ ಹಿಡಿಯುವುದು.
2 ಅಂಕ: ಒಂದು ತಿಂಗಳೊಳಗಿನ ಪೆಟ್ಟು ಅಥವಾ ಆಪರೇಷನ್.
1 ಅಂಕದವು: ವಯಸ್ಸು 70 ಅಥವಾ ಹೆಚ್ಚು, ಹೃದಯ ಅಥವಾ ಉಸಿರಾಟದ ವೈಫಲ್ಯ, ಹೃದಯಾಘಾತ ಅಥವಾ ಪಾರ್ಶ್ವವಾಯು, ತೀವ್ರ ಸೋಂಕು ಅಥವಾ ಕೀಲುವಾತದ ಕಾಯಿಲೆ, ಬೊಜ್ಜು, ಹಾರ್ಮೋನ್ ಚಿಕಿತ್ಸೆ.

ಒಟ್ಟು 4 ಅಥವಾ ಹೆಚ್ಚಾದರೆ ಅಪಾಯ ಜಾಸ್ತಿ ಎಂದರ್ಥ. ಆ ಅಧ್ಯಯನದಲ್ಲಿ ಹೀಗೆ 4 ಅಥವಾ ಹೆಚ್ಚು ಅಂಕ ಬಂದವರು, ತಡೆ ಔಷಧಿ ಸಿಗದಿದ್ದಾಗ, 3 ತಿಂಗಳಲ್ಲಿ ನೂರಕ್ಕೆ 11 ಮಂದಿ ಗಡ್ಡೆಯ ತೊಂದರೆಗೆ ಒಳಗಾದರು. 4ಕ್ಕಿಂತ ಕಡಿಮೆ ಇದ್ದವರಲ್ಲಿ ಸಾವಿರಕ್ಕೆ 3 ಮಂದಿ.

ಉದಾಹರಣೆಗೆ ಇಂಡಿ ಕಡೆಯ 72 ವರ್ಷದ ಅಜ್ಜ ಎಂದುಕೊಳ್ಳಿ. ನ್ಯುಮೋನಿಯಾ, ಉಸಿರಾಟ ವಿಫಲವಾಗಿ ಆಕ್ಸಿಜನ್ ಹಚ್ಚಿದೆ, ಮಂಚ ಬಿಟ್ಟು ಇಳಿಯುವ ಶಕ್ತಿ ಇಲ್ಲ. 3 ಮತ್ತು 1 ಮತ್ತು 1 ಮತ್ತು 1, ಒಟ್ಟು 6. ಸೂಜಿ ಬೇಕು. ಪಕ್ಕದ ಮಂಚದಲ್ಲಿ ಗೋಕಾಕದ 30ರ ತರುಣ, ಟೈಫಾಯ್ಡ್, ಮೊಬೈಲ್ ಹಿಡಿದು ಕಾರಿಡಾರಿನಲ್ಲಿ ಓಡಾಡಿಕೊಂಡಿದ್ದಾನೆ. 1 ಅಂಕ. ಅವನಿಗೆ ಬೇಡ. “ಅವರಿಗೆ ಮಾಡ್ತೀರಿ, ನಮಗೆ ಯಾಕಿಲ್ಲ” ಅನ್ನುವವರೂ ಇದ್ದಾರೆ, ಅದಕ್ಕೇ ಈ ಎರಡೂ ಉದಾಹರಣೆ ಕೊಟ್ಟೆ.

ಎಡವುವ ಜಾಗ ಇಲ್ಲಿದೆ: “ಬಾತ್‌ರೂಮಿಗೆ ಎದ್ದು ಹೋಗ್ತಾರಲ್ರೀ” ಎಂಬ ಮಾತು. ಬಾತ್‌ರೂಮಿಗೆ ಮಾತ್ರ ಎದ್ದು, ಉಳಿದ ಹೊತ್ತೆಲ್ಲ ಮಲಗಿರುವವರನ್ನು ಈ ಲೆಕ್ಕದಲ್ಲಿ ಹಾಸಿಗೆ ಹಿಡಿದವರು ಎಂದೇ ಹಿಡಿಯಬೇಕು.

ಅಂಕ ಮೊದಲ ದಿನಕ್ಕೆ ಮುಗಿಯುವುದೂ ಇಲ್ಲ. ಎರಡನೇ ದಿನ ಐಸಿಯುಗೆ ಹೋದರೆ, ಕುತ್ತಿಗೆಯ ರಕ್ತನಾಳಕ್ಕೆ ದೊಡ್ಡ ನಳಿಕೆ ಹಾಕಿದರೆ, ಮತ್ತೆ ಲೆಕ್ಕ ಮಾಡಬೇಕು.

ಹಂತ 3: ರಕ್ತಸ್ರಾವದ ಅಪಾಯವನ್ನು ತೂಗಿ ನೋಡಿ

ಈಗ ರಕ್ತ ಹೋಗುತ್ತಿದ್ದರೆ, ಮಿದುಳಿನಲ್ಲಿ ಹೊಸದಾಗಿ ರಕ್ತಸ್ರಾವ ಆಗಿದ್ದರೆ ಆ ಹೊತ್ತಿಗೆ ಸೂಜಿ ಇಲ್ಲ. ಪ್ಲೇಟ್‌ಲೆಟ್ 50,000ಕ್ಕಿಂತ ಕೆಳಗಿದ್ದರೂ ಸಾಮಾನ್ಯವಾಗಿ ಕೊಡುವುದಿಲ್ಲ. ಪಾರ್ಶ್ವವಾಯುವಿಗೆ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಟ್ಟಿದ್ದರೆ ಮೊದಲ 24 ತಾಸು ಕಾಯುತ್ತಾರೆ.

ನಮ್ಮ ಕಡೆ ಎರಡು ಸಂದರ್ಭ ಪದೇ ಪದೇ ಬರುತ್ತವೆ. ಒಂದು ಡೆಂಗಿ. ಪ್ಲೇಟ್‌ಲೆಟ್ ದಿನದಿಂದ ದಿನಕ್ಕೆ ಇಳಿಯುವ ಕಾಯಿಲೆ ಅದು. ಬೆಳಿಗ್ಗೆ 90,000 ಇದ್ದದ್ದು ಮರುದಿನ 40,000 ಆಗಬಹುದು. ಇನ್ನೊಂದು ಕಬ್ಬಿನ ಗದ್ದೆಯಲ್ಲಿ, ದನದ ಕೊಟ್ಟಿಗೆಯಲ್ಲಿ ಮಂಡಲದ ಹಾವು ಕಚ್ಚಿದವರು. ಆ ವಿಷ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಮುಗಿಸಿಬಿಡುತ್ತದೆ. ಅವರಿಗೆ ಬೇಕಾದದ್ದು ವಿಷನಿರೋಧಕ ಔಷಧಿ. ರಕ್ತ ತೆಳುವಾಗಿಸುವುದು ಅಪಾಯ. ಕಚ್ಚಿದ್ದನ್ನು ಮುಚ್ಚಿಟ್ಟು “ಸುಮ್ನೆ ಕಾಲು ಬಾತದ” ಎಂದು ಬರುವವರು ಇದ್ದಾರೆ. ಹೊಲದಲ್ಲಿ ಏನಾದರೂ ಕಚ್ಚಿದ ಅನುಮಾನ ಇದ್ದರೂ ಹೇಳಿ.

ಹಂತ 4: ಸೂಜಿ ಸರಿಯಾಗಿ ಬೀಳುತ್ತಿದೆಯೇ ನೋಡಿಕೊಳ್ಳಿ

ಹೆಚ್ಚಾಗಿ ಕೊಡುವುದು ಎನಾಕ್ಸಪರಿನ್, ಹೆಪಾರಿನ್ ಜಾತಿಯದೇ ಔಷಧಿ. ತಡೆಗೆಂದು ಕೊಡುವಾಗ 40 ಮಿಲಿಗ್ರಾಂ, ದಿನಕ್ಕೆ ಒಂದೇ ಸಲ. ಕಿಡ್ನಿ ತುಂಬ ಕೆಟ್ಟಿದ್ದರೆ ಡೋಸ್ ಇಳಿಸುತ್ತಾರೆ, ಇಲ್ಲವೇ ಹಳೆಯ ಕಾಲದಿಂದ ಬಳಸುವ ಹೆಪಾರಿನ್ 5,000 ಯೂನಿಟ್ಟನ್ನು 8 ಅಥವಾ 12 ತಾಸಿಗೊಮ್ಮೆ ಕೊಡುತ್ತಾರೆ. ಫಾಂಡಪರಿನಕ್ಸ್ ಎಂಬ ಮೂರನೆಯದೂ ಇದೆ, 2.5 ಮಿಲಿಗ್ರಾಂ ದಿನಕ್ಕೊಮ್ಮೆ. ಕಿಡ್ನಿ ತೀರಾ ಸೋತವರಿಗೆ ಅದು ಆಗದು.

ಇದರಿಂದ ನಿಜಕ್ಕೂ ಪ್ರಯೋಜನ ಇದೆಯಾ? 1999ರಲ್ಲಿ ಪ್ರಕಟವಾದ ಮೆಡೆನಾಕ್ಸ್ ಎಂಬ ಅಧ್ಯಯನದಲ್ಲಿ, ಬರೀ ನೀರಿನಂಥ ಸೂಜಿ ಪಡೆದವರಲ್ಲಿ ನೂರಕ್ಕೆ ಸುಮಾರು 15 ಮಂದಿಗೆ ಗಡ್ಡೆ ಸಿಕ್ಕಿತು. ಎನಾಕ್ಸಪರಿನ್ 40 ಪಡೆದವರಲ್ಲಿ ಅದು ಐದೂವರೆಗೆ ಇಳಿಯಿತು. ಎಲ್ಲರ ಕಾಲನ್ನೂ ಹುಡುಕಿ ನೋಡಿದ್ದರಿಂದ ಸಿಕ್ಕ ಗಡ್ಡೆಗಳು ಇವು. ಬಹಳಷ್ಟು ಜನರಿಗೆ ನೋವು, ಬಾವು ಏನೂ ಇರಲಿಲ್ಲ.

ಪಕ್ಕದ ಬೆಡ್ಡಿನವರ ಚೀಟಿಯ ಜೊತೆ ಹೋಲಿಸಬೇಡಿ. ಹೃದಯಾಘಾತ ಆದವರಿಗೆ, ಈಗಾಗಲೇ ಗಡ್ಡೆ ಕಟ್ಟಿದವರಿಗೆ ಇದೇ ಔಷಧಿಯನ್ನು ತೂಕದ ಲೆಕ್ಕದಲ್ಲಿ ದಿನಕ್ಕೆ ಎರಡು ಸಲ ಕೊಡುತ್ತಾರೆ. ಅದು ಚಿಕಿತ್ಸೆಯ ಡೋಸ್, ನಿಮ್ಮದು ತಡೆಯ ಡೋಸ್.

ಕೊಡುವ ರೀತಿ ಹೀಗೆ. ರೋಗಿ ಮಲಗಿರಬೇಕು. ಹೊಕ್ಕಳಿನಿಂದ ಎರಡು ಇಂಚು ದೂರ, ಇವತ್ತು ಬಲಕ್ಕೆ ಆದರೆ ನಾಳೆ ಎಡಕ್ಕೆ. ಚರ್ಮವನ್ನು ಹೆಬ್ಬೆರಳು, ತೋರುಬೆರಳಿನಲ್ಲಿ ಮಡಿಕೆ ಹಿಡಿದು ಸೂಜಿಯನ್ನು ನೇರವಾಗಿ ಪೂರ್ತಿ ಇಳಿಸಬೇಕು. ಔಷಧಿ ಮುಗಿಯುವವರೆಗೆ ಮಡಿಕೆ ಬಿಡಬಾರದು. ತುಂಬಿಸಿಯೇ ಬರುವ ಸಿರಿಂಜಿನಲ್ಲಿ ಸಣ್ಣ ಗಾಳಿಗುಳ್ಳೆ ಕಾಣುತ್ತದೆ. ಪೂರ್ತಿ ಸಿರಿಂಜ್ ಕೊಡುವಾಗ ಅದನ್ನು ಹೊರಗೆ ಚಿಮ್ಮಿಸಬಾರದು, ಚಿಮ್ಮಿಸಿದರೆ ಔಷಧಿಯೂ ಸ್ವಲ್ಪ ಹೋಗುತ್ತದೆ. ಸೂಜಿ ತೆಗೆದ ಮೇಲೆ ಹತ್ತಿ ಇಟ್ಟು ಒತ್ತಿ ಹಿಡಿಯಿರಿ, ತಿಕ್ಕಬೇಡಿ. ಮನೆಯವರು ಅಕ್ಕರೆಯಿಂದ ತಿಕ್ಕಿ ತಿಕ್ಕಿ ಅಂಗೈಯಗಲ ನೀಲಿ ಮಾಡಿಟ್ಟಿರುತ್ತಾರೆ. ಆಮೇಲೆ ಸಿಸ್ಟರ್ ಮೇಲೆ ಸಿಟ್ಟು. ನಾಲ್ಕಾಣೆಯಗಲದ ಕಲೆ ಮಾಮೂಲು, ಅದಕ್ಕೆ ಹೆದರಬೇಡಿ. ಕಲೆ ದಿನೇ ದಿನೇ ದೊಡ್ಡದಾದರೆ, ಗಟ್ಟಿ ಗಂಟಾದರೆ, ಮೂತ್ರದಲ್ಲೋ ಮಲದಲ್ಲೋ ರಕ್ತ ಕಂಡರೆ ತಕ್ಷಣ ಹೇಳಿ.

ಇನ್ನೂ ಕೆಲವು ಎಚ್ಚರಿಕೆ:

ಮೈಕೈ ನೋವು ಅಂತ ಹೊರಗಿನಿಂದ ಡೈಕ್ಲೊಫೆನಾಕ್, ಐಬುಪ್ರೊಫೆನ್ ತಂದು ಕೊಡಬೇಡಿ. ರಕ್ತಸ್ರಾವ ಜಾಸ್ತಿ ಮಾಡುತ್ತವೆ.

“ಆಸ್ಪಿರಿನ್ ತಗೊಳ್ತಾರೆ, ಅದೇ ರಕ್ತ ತೆಳುವಾಗೋ ಮಾತ್ರೆ ಅಲ್ವಾ?” ಅಲ್ಲ. ಹೃದಯಕ್ಕೆ ಕೊಡುವ ಆಸ್ಪಿರಿನ್, ಮಲಗಿದ ರೋಗಿಯ ಕಾಲಿನ ಗಡ್ಡೆಯನ್ನು ತಡೆಯಲು ಸಾಲದು.

ಸೂಜಿ ಶುರುವಾದ 5ರಿಂದ 10ನೇ ದಿನದ ನಡುವೆ ಕೆಲವರಲ್ಲಿ ಪ್ಲೇಟ್‌ಲೆಟ್ ಅರ್ಧಕ್ಕೆ ಕುಸಿಯುವುದುಂಟು. ಅಪರೂಪ, ಆದರೆ ಗಂಭೀರ. ಹೆಪಾರಿನ್ನಿನ ವಿರುದ್ಧ ದೇಹವೇ ತಿರುಗಿಬಿದ್ದು, ರಕ್ತ ಮತ್ತಷ್ಟು ಹೆಪ್ಪುಗಟ್ಟುವ ಸ್ಥಿತಿ ಅದು. ನಡುವೆ ಮತ್ತೆ ರಕ್ತ ತೆಗೆದರೆ “ದಿನಾ ರಕ್ತ ಹೀರ್ತಾರ” ಅಂತ ಜಗಳ ಬೇಡ.

ಹೆಪಾರಿನ್ ಮತ್ತು ಎನಾಕ್ಸಪರಿನ್ ತಯಾರಾಗುವುದು ಹಂದಿಯ ಕರುಳಿನ ಒಳಪದರದಿಂದ. ಲಿಂಗಾಯತರು, ಜೈನರು, ಮುಸ್ಲಿಮರು ಇರುವ ನಮ್ಮ ಊರುಗಳಲ್ಲಿ ಇದು ಸಣ್ಣ ವಿಷಯವಲ್ಲ. ಬೇಡವೆನಿಸಿದರೆ ಮೊದಲ ದಿನವೇ ಹೇಳಿ. ಫಾಂಡಪರಿನಕ್ಸ್ ಪ್ರಯೋಗಾಲಯದಲ್ಲಿ ತಯಾರಾಗುವ ಔಷಧಿ, ಕಿಡ್ನಿ ಸರಿ ಇದ್ದರೆ ಅದನ್ನು ಬಳಸಬಹುದು. ಯಾರಿಗೂ ಹೇಳದೆ ಸೂಜಿ ತಪ್ಪಿಸುವುದು ಮಾತ್ರ ಕೆಟ್ಟ ದಾರಿ.

ಖರ್ಚಿನ ಬಗ್ಗೆ: ಎನಾಕ್ಸಪರಿನ್ ಕೇಂದ್ರ ಸರ್ಕಾರದ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ, ದರಕ್ಕೆ ಮಿತಿ ಇದೆ. ಹೊರಗಿನಿಂದ ತರಲು ಚೀಟಿ ಕೊಟ್ಟರೆ ಕಂಪನಿ ಹೆಸರು ಬೇಡ, ಔಷಧಿಯ ಹೆಸರು ಬರೆದುಕೊಡಿ ಎಂದು ಕೇಳಿ. ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ.

ಹಂತ 5: ಸೂಜಿ ಆಗದವರಿಗೆ ಡಿವಿಟಿ ಪಂಪ್

ಕಾಲಿಗೆ ಸುತ್ತಿದ ಪಟ್ಟಿಯಲ್ಲಿ ಗಾಳಿ ತುಂಬುತ್ತದೆ, ಬಿಡುತ್ತದೆ. ಮೀನಖಂಡವನ್ನು ಹೊರಗಿನಿಂದ ಹಿಂಡುವ ಯಂತ್ರ ಇದು. ವಾರ್ಡಿನಲ್ಲಿ ಡಿವಿಟಿ ಪಂಪ್ ಎಂದೇ ಕೇಳಿ. ಮಿದುಳಿನ ರಕ್ತಸ್ರಾವ, ಪಾರ್ಶ್ವವಾಯು ಆಗಿ ಎದ್ದೇಳಲಾಗದವರಿಗೆ ಒಳ್ಳೆಯ ಆಸರೆ. ಆದರೆ ಹೆಚ್ಚು ಹೊತ್ತು ಕಾಲಿಗೆ ಇದ್ದರೆ ಮಾತ್ರ. ಸದ್ದಾಗುತ್ತದೆ, ಸೆಕೆಯಾಗುತ್ತದೆ ಎಂದು ಮನೆಯವರು ಸ್ವಿಚ್ ಆರಿಸಿ, ಸಿಸ್ಟರ್ ಬಂದಾಗ ಹಾಕುವುದನ್ನು ಕಂಡಿದ್ದೇನೆ.

ಬಿಗಿ ಕಾಲುಚೀಲ ಬೇರೆ ವಿಷಯ. ಪಾರ್ಶ್ವವಾಯು ರೋಗಿಗಳಿಗೆ ಅವು ಗಡ್ಡೆಯನ್ನು ತಡೆಯಲಿಲ್ಲ, ಚರ್ಮಕ್ಕೆ ಹುಣ್ಣು ಮಾಡಿದವು ಎಂದು 2009ರಲ್ಲಿ ಬಂದ ಕ್ಲಾಟ್ಸ್ ಅಧ್ಯಯನ ತೋರಿಸಿತು. ಹಾಗಾಗಿ ಅಂಗಡಿಯಿಂದ ನೀವೇ ತಂದು ಹಾಕಬೇಡಿ. ಸಕ್ಕರೆ ಕಾಯಿಲೆಯಿಂದ ಪಾದದ ರಕ್ತಸಂಚಾರ ಕಡಿಮೆ ಇದ್ದವರಿಗಂತೂ ಬೇಡವೇ ಬೇಡ. ಕ್ರೇಪ್ ಬ್ಯಾಂಡೇಜ್ ಸುತ್ತುವುದೂ ಇದಕ್ಕೆ ಬದಲಿಯಲ್ಲ.

ಹಂತ 6: ಎಬ್ಬಿಸಿ, ಕೂರಿಸಿ, ನಡೆಸಿ

ನನ್ನ ಪ್ರಕಾರ ಮನೆಯವರು ಸೋಲುವುದು ಇಲ್ಲೇ. ಹಾಸಿಗೆ ಕೆಳಗೆ ಬಗ್ಗಿ ನೋಡಿ, ರೋಗಿಯ ಚಪ್ಪಲಿ ಇದೆಯಾ? ಬಹಳ ಸಲ ಇರುವುದಿಲ್ಲ. ದಾಖಲಾದ ದಿನವೇ ಊರಿಗೆ ಹೋಗುವವರ ಚೀಲ ಸೇರಿರುತ್ತದೆ. ಚಪ್ಪಲಿ ಇಲ್ಲ ಅಂದರೆ ನಡೆಸುವ ಯೋಚನೆಯೇ ಇಲ್ಲ ಅಂತ ತಿಳಿದುಕೊಳ್ಳುತ್ತೇನೆ. “ಅವ್ವಗ ತ್ರಾಸ ಕೊಡಬ್ಯಾಡ್ರಿ, ಮಲಗಲಿ ಬಿಡ್ರಿ” ಎಂಬುದು ಪ್ರೀತಿಯ ಮಾತೇ. ಅವ್ವನ ಕಾಲಿಗೆ ಅದು ಒಳ್ಳೆಯದಲ್ಲ.

ಶುರು ಮಾಡುವ ಮುಂಚೆ ವೈದ್ಯರನ್ನು ಒಂದು ಮಾತು ಕೇಳಿ. ಬಿಪಿ ಬಿದ್ದವರು, ಎದೆನೋವು ಇರುವವರು, ಆಕ್ಸಿಜನ್ ತುಂಬ ಬೇಕಾದವರು ಕಾಯಬೇಕು. ಸರಿ ಎಂದ ಮೇಲೆ ಹೀಗೆ ಹೋಗಿ:

ಮಲಗಿದಲ್ಲೇ ಪಾದವನ್ನು ಮುಖದ ಕಡೆ ಎಳೆದು, ಆಮೇಲೆ ಮುಂದಕ್ಕೆ ಒತ್ತುವುದು. ಎಚ್ಚರ ಇರುವ ಹೊತ್ತಿನಲ್ಲಿ ತಾಸಿಗೊಮ್ಮೆ ಹತ್ತಿಪ್ಪತ್ತು ಸಲ. ಪಾರ್ಶ್ವವಾಯು ಹೊಡೆದ ಕಾಲನ್ನು ನೀವೇ ಮೆಲ್ಲಗೆ ಆಡಿಸಿ. ಮಂಡಿಯ ಕೆಳಗೆ ದಿಂಬು ಒಟ್ಟಬೇಡಿ, ಅಲ್ಲಿನ ರಕ್ತನಾಳ ಒತ್ತಿಹೋಗುತ್ತದೆ.

ನಂತರ ಮಂಚದ ಅಂಚಿಗೆ ಕೂರಿಸಿ. ತಲೆ ತಿರುಗದಿದ್ದರೆ ನಿಲ್ಲಿಸಿ. ಊಟವನ್ನು ಕುರ್ಚಿಯಲ್ಲಿ ಕೂತು ಮಾಡಲಿ. ಆಮೇಲೆ ವಾರ್ಡಿನ ಬಾಗಿಲವರೆಗೆ, ಮರುದಿನ ಕಾರಿಡಾರಿನ ತುದಿವರೆಗೆ. ನೋಡಲು ಬಂದವರಿದ್ದಾರಲ್ಲ, ರೋಗಿಯ ಕಾಲ ಬುಡದಲ್ಲೇ ಮಂಚದ ಮೇಲೆ ಕೂರುವವರು, ಅವರಿಗೆ ಈ ಕೆಲಸ ಹಚ್ಚಿ. ಒಬ್ಬರು ಸಲಾಯಿನ್ ಬಾಟಲಿ ಹಿಡಿಯಲಿ, ಇನ್ನೊಬ್ಬರು ತೋಳು ಹಿಡಿಯಲಿ. ಮೂತ್ರದ ನಳಿಕೆ ಇದ್ದರೆ “ಇನ್ನೂ ಬೇಕೇ?” ಎಂದು ದಿನಾ ಕೇಳಿ. ನಳಿಕೆ ಇರುವಷ್ಟು ದಿನ ರೋಗಿ ಏಳುವುದಿಲ್ಲ.

ನೀರು. ವಿಜಯಪುರದ ಬೇಸಿಗೆಯಲ್ಲಿ ಫ್ಯಾನಿನ ಕೆಳಗೆ ಮಲಗಿದವರಿಗೂ ಬಾಯಿ ಒಣಗುತ್ತದೆ. ಆದರೂ ಬೆಳಿಗ್ಗೆ ತುಂಬಿಟ್ಟ ತಂಬಿಗೆ ಸಂಜೆಗೂ ಹಾಗೇ ಇರುತ್ತದೆ. ಕಾರಣ ಕೇಳಿದರೆ ಹೆಣ್ಣುಮಕ್ಕಳು ಹೇಳುವುದಿಲ್ಲ. ಬೆಡ್‌ಪ್ಯಾನ್ ಇಡಲು ಮಗನನ್ನು ಕರೆಯಬೇಕಲ್ಲ ಎಂಬ ನಾಚಿಕೆ. ಆದ್ದರಿಂದ ಹೆಂಗಸು ರೋಗಿ ಇದ್ದರೆ ಹಗಲಿಗಾದರೂ ಒಬ್ಬ ಹೆಣ್ಣುಮಗಳು ಜೊತೆಗಿರಲಿ. ಹೃದಯ, ಕಿಡ್ನಿ ತೊಂದರೆಗೆ ನೀರು ಅಳತೆ ಮಾಡಿ ಕೊಡಲು ಹೇಳಿದ್ದರೆ ಆ ಅಳತೆ ಮೀರಬೇಡಿ.

ನಡೆಯಲು ಶುರು ಮಾಡಿದರೆಂದು ಸೂಜಿಯನ್ನು ನೀವೇ ಬೇಡ ಅನ್ನಬೇಡಿ. ಎರಡೂ ಜೊತೆಗೆ ನಡೆಯಲಿ.

ಹಂತ 7: ಗಡ್ಡೆ ಕಟ್ಟಿದ ಅನುಮಾನ ಬಂದರೆ

ಒಂದೇ ಕಾಲು ಬಾತುಕೊಳ್ಳುವುದು, ಮೀನಖಂಡ ನೋಯುವುದು, ಮುಟ್ಟಿದರೆ ಬಿಸಿ. ಅನುಮಾನ ಇದ್ದರೆ ಎರಡೂ ಕಾಲಿನ ಸುತ್ತಳತೆಯನ್ನು ಒಂದು ದಾರದಿಂದ ಅಳೆದು ತೋರಿಸಿ. ಎದೆಯ ಕಡೆ: ಇದ್ದಕ್ಕಿದ್ದಂತೆ ಉಸಿರುಗಟ್ಟುವುದು, ಉಸಿರೆಳೆದಾಗ ಚುಚ್ಚುವ ನೋವು, ಕಫದಲ್ಲಿ ರಕ್ತ, ತಲೆಸುತ್ತಿ ಬೀಳುವುದು. ರಾತ್ರಿ 2 ಗಂಟೆಯಾದರೂ ಸಿಸ್ಟರನ್ನು ಎಬ್ಬಿಸಿ, ರೌಂಡ್ಸ್ ತನಕ ಕಾಯಬೇಡಿ.

ಬಾತ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕುವುದು ಬೇಡ. ಶಾಖ ಕೊಡುವುದು ಬೇಡ. ತಿಕ್ಕಿದರೆ ಗಡ್ಡೆ ಕಿತ್ತು ಮೇಲೆ ಹೋಗಬಹುದು. ಮಾಡಬೇಕಾದದ್ದು ಕಾಲಿನ ಡಾಪ್ಲರ್ ಸ್ಕ್ಯಾನ್, ಅಂದರೆ ರಕ್ತನಾಳದಲ್ಲಿ ರಕ್ತ ಹರಿಯುವುದನ್ನು ತೋರಿಸುವ ಸ್ಕ್ಯಾನ್. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ, ಅಲ್ಲಿ ಆಗುತ್ತದೆ. ಗಡ್ಡೆಯ ಸುಳಿವು ಹುಡುಕುವ ಡಿ-ಡೈಮರ್ ರಕ್ತ ಪರೀಕ್ಷೆಯೊಂದನ್ನೇ ಹಿಡಿದು ಗಾಬರಿಯಾಗಬೇಡಿ. ಸೋಂಕು ಇದ್ದರೆ ಸಾಕು, ಅದು ಏರಿರುತ್ತದೆ.

ಹಂತ 8: ಡಿಸ್ಚಾರ್ಜ್ ದಿನ

ಸಾಮಾನ್ಯವಾಗಿ ಮನೆಗೆ ಹೊರಟಾಗ ಸೂಜಿ ನಿಲ್ಲುತ್ತದೆ. ಆದರೆ ಅಪಾಯ ಅಂದೇ ಮುಗಿಯುವುದಿಲ್ಲ, ಸುಮಾರು 3 ತಿಂಗಳು ಕಣ್ಣಿಟ್ಟಿರಬೇಕು. ಆ ಅವಧಿಯಲ್ಲಿ ಹಂತ 7ರ ಲಕ್ಷಣ ಕಂಡರೆ 108ಕ್ಕೆ ಫೋನ್ ಮಾಡಿ, ಬೇರೆ ಆಸ್ಪತ್ರೆಗೆ ಹೋದರೂ “ಇತ್ತೀಚೆಗೆ ಅಡ್ಮಿಟ್ ಆಗಿದ್ದರು” ಎಂದು ಮೊದಲ ವಾಕ್ಯದಲ್ಲೇ ಹೇಳಿ.

ಬೆಳಗಾವಿಯಿಂದ ವಿಜಯಪುರ ಕಡೆಗೆ ಬಸ್ಸಿನಲ್ಲಿ ಹೊರಟರೆ ಐದಾರು ತಾಸಿನ ದಾರಿ. ಕಾಲು ಚಾಚಲು ಜಾಗ ಇರುವ ಸೀಟು ಹಿಡಿಯಿರಿ. ಬಸ್ ನಿಂತಾಗಲೆಲ್ಲ ಇಳಿಸಿ ನಾಲ್ಕು ಹೆಜ್ಜೆ ನಡೆಸಿ. ಊರಲ್ಲಿ ಮತ್ತೆ ಪಡಸಾಲೆಯ ಮೂಲೆಗೆ ಹಾಸಿಗೆ ಹಾಕಿ ಮಲಗಿಸಬೇಡಿ.

ಕೆಲವರಿಗೆ, ಮುಖ್ಯವಾಗಿ ಕ್ಯಾನ್ಸರ್ ಇದ್ದವರಿಗೆ ಅಥವಾ ಗಡ್ಡೆ ನಿಜವಾಗಿ ಕಟ್ಟಿದವರಿಗೆ, ಮನೆಯಲ್ಲೂ ಸೂಜಿ ಬರೆದುಕೊಡುತ್ತಾರೆ. ಎಷ್ಟು ದಿನ, ಯಾವ ಹೊತ್ತಿಗೆ, ಯಾವಾಗ ನಿಲ್ಲಿಸಬೇಕು ಎಂದು ಕಾರ್ಡಿನ ಮೇಲೆ ಬರೆಸಿಕೊಳ್ಳಿ. ಕೊಡುವುದನ್ನು ಸಿಸ್ಟರ್ ಎದುರೇ ಒಮ್ಮೆ ಮಾಡಿ ಕಲಿಯಿರಿ. ಸಿರಿಂಜುಗಳನ್ನು ಎಲ್ಲಿ ಇಡಬೇಕು ಎಂದು ಕೊಳ್ಳುವಾಗಲೇ ಕೇಳಿ. ಫ್ರೀಜರ್ ಬೇಡ, ತಗಡಿನ ಮಾಡಿನ ಕೆಳಗೂ ಬೇಡ. ಬಳಸಿದ ಸೂಜಿಗೆ ಕ್ಯಾಪ್ ಹಾಕಲು ಹೋಗಬೇಡಿ. ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಗೇ ಇಳಿಸಿ ಮುಚ್ಚಳ ತಿರುವಿ, ಮುಂದಿನ ತಪಾಸಣೆಗೆ ಬರುವಾಗ ಆಸ್ಪತ್ರೆಗೆ ತಂದುಕೊಡಿ. ಕಸದ ಗಾಡಿಗೆ ಹಾಕಿದರೆ ಅದನ್ನು ಕೈಯಿಂದ ಬೇರ್ಪಡಿಸುವವರಿಗೆ ಚುಚ್ಚುತ್ತದೆ.